ತಡೆದ ಕಷ್ಟಕ್ಕೆ ಲೆಕ್ಕ ಬರೆಯುವಾಗ

ಎಲ್ಲರಿಗೂ ನಮಸ್ಕಾರ. ಕಷ್ಟದಲ್ಲಿರುವ ಕುಟುಂಬಗಳಿಗೆ ನಾವು ಕೊಡುವ ಮನೆಭೇಟಿಗಳಿಂದ ಎಷ್ಟು ಕಷ್ಟ ತಪ್ಪಿತು, ಅದರಿಂದ ಎಷ್ಟು ಹಣ ಉಳಿಯಿತು ಎಂಬ ಲೆಕ್ಕ ಕಳಿಸುವ ಮುಂಚೆ ದಯವಿಟ್ಟು ಇದನ್ನು ಓದಿ.

‘10 ಮಕ್ಕಳಲ್ಲಿ 8 ಮಂದಿ ಶಾಲೆ ಬಿಡಲಿಲ್ಲ’ ಎಂದು ಬರೆದರೆ ಆ 8 ಮಂದಿಯ ಪೂರ್ತಿ ಶ್ರೇಯ ನಮ್ಮದಾಗುವುದಿಲ್ಲ. ನಾವು ಹೋಗದಿದ್ದರೂ 6 ಮಂದಿ ಉಳಿಯುತ್ತಿದ್ದರೆ ನಮ್ಮ ಪಾಲು ಎರಡೇ. ಹಾಗಾಗಿ ನಾವು ತಲುಪದ, ಅದೇ ಸ್ಥಿತಿಯ ಕುಟುಂಬಗಳ ಮಾಹಿತಿಯೂ ಬೇಕು. ಇಂಗ್ಲೆಂಡಿನ ಪೀಟರ್‌ಬರೋ ಜೈಲಿನಲ್ಲಿ 2010ರಲ್ಲಿ ಶುರುವಾದ ಯೋಜನೆಯಲ್ಲಿ ಹೀಗೇ ಮಾಡಿದರು. ಬಿಡುಗಡೆಯಾದವರಿಗೆ ನೆರವು ಕೊಟ್ಟು, ಬೇರೆ ಜೈಲುಗಳಿಂದ ಹೊರಬಂದ ಅಂಥವರ ಜೊತೆ ಹೋಲಿಸಿದಾಗ ಮರು ಅಪರಾಧ ಶೇ 9ರಷ್ಟು ಕಡಿಮೆ ಇತ್ತು. ಆ ಯೋಜನೆಗೆ ಮೊದಲು ಹಣ ಹೂಡಿದವರಿಗೆ ಮರುಪಾವತಿ ಆದದ್ದು ಆ ಹೋಲಿಕೆಯ ಆಧಾರದ ಮೇಲೆ.

ಇನ್ನು ಹಣದ ಲೆಕ್ಕ. ನಮ್ಮ ಕೆಲಸದಿಂದ ಆಶ್ರಯಧಾಮದಲ್ಲಿ ಒಂದು ಹಾಸಿಗೆ ಖಾಲಿಯಾದರೆ ಊಟ, ಔಷಧಿಯ ಖರ್ಚು ಉಳಿಯುತ್ತದೆ. ಸಿಬ್ಬಂದಿಯ ಸಂಬಳ, ಕಟ್ಟಡದ ಬಾಡಿಗೆ ಉಳಿಯುವುದಿಲ್ಲ. ಹಾಗಾಗಿ ಒಟ್ಟು ಖರ್ಚನ್ನು ತಲೆಗೆ ಹಂಚಿದಾಗ ಬರುವ ಸರಾಸರಿ ವೆಚ್ಚವನ್ನೇ ಉಳಿತಾಯವೆಂದು ಹಾಕಬೇಡಿ. ಖರ್ಚು ಮಾಡಿದ ಇಲಾಖೆ ಒಂದು, ಉಳಿತಾಯ ಕಾಣುವ ಇಲಾಖೆ ಇನ್ನೊಂದು ಆಗಿರಬಹುದು, ಅದನ್ನೂ ನಮೂದಿಸಿ.

ಅವಧಿಯ ಬಗ್ಗೆ ಆತುರ ಬೇಡ, ಫಲ ಕಾಣಲು ವರ್ಷಗಳೇ ಬೇಕಾಗಬಹುದು. ಅಮೆರಿಕದಲ್ಲಿ 1962ರಲ್ಲಿ ಶುರುವಾದ ಪೆರ್ರಿ ಶಾಲಾಪೂರ್ವ ಅಧ್ಯಯನದಲ್ಲಿ (ಬಡ ಮಕ್ಕಳಿಗೆ ಶಾಲೆಗೆ ಮುಂಚಿನ ಕಲಿಕೆಯಿಂದ ಏನು ಲಾಭ ಎಂದು ನೋಡಿದ ಅಧ್ಯಯನ) 123 ಮಕ್ಕಳನ್ನು ಅವರಿಗೆ 40 ವರ್ಷ ದಾಟುವವರೆಗೂ ಗಮನಿಸಿದರು.

ಒಬ್ಬ ತಾಯಿ ನಾಲ್ಕನೇ ಭೇಟಿಯಲ್ಲಿ ಮೊದಲ ಸಲ ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದರು. ರಿಜಿಸ್ಟರಿನಲ್ಲಿ ಇರುವುದು ‘ಭೇಟಿ: 4’ ಅಷ್ಟೇ. ಇಂಥದ್ದಕ್ಕೆ ಹಣದ ಬೆಲೆ ಹಾಕಬೇಡಿ, ಆದರೆ ಷರಾ ಕಾಲಂನಲ್ಲಿ ಬರೆಯಲು ಮರೆಯಬೇಡಿ.