ಆ ಜೀಪಿನ ಬ್ರೇಕ್

ನನ್ನವ್ವಾ,

ಮೊನ್ನೆ ಫೋನ್ ಕಟ್ ಮಾಡಿದ್ದು ನಾನೇ. ನಿನ್ನ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸೋಕೆ ಹೋಗ್ತೀನಿ ಅಂದಿದ್ದಕ್ಕೆ ಸಿಟ್ಟಿನಲ್ಲಿ ಏನೇನೋ ಅಂದೆ. ‘ಹೆಣ್ಣುಮಗಳಿಗೆ ರೇಸ್ ಟ್ರ್ಯಾಕ್ ಯಾಕ ಬೇಕು’ ಅನ್ನೋ ಮಾತು ನನ್ನ ಬಾಯಿಂದ ಬರಬಾರದಿತ್ತು. ನಿನಗೆ ಹತ್ತು ತುಂಬುವ ಮೊದಲೇ ಕೈಗೆ ಪಾನಾ ಕೊಟ್ಟವನು ನಾನು. ಆಗ ಹೆಣ್ಣು ಗಂಡು ನೋಡಿದ್ದೆನೇ? ತಪ್ಪಾಯಿತವ್ವಾ.

ಆದರೆ ಎರಡು ರಾತ್ರಿ ನನಗೆ ನಿದ್ದೆ ಬಾರದ್ದಕ್ಕೆ ಕಾರಣ ಅದಲ್ಲ. ಬ್ರೇಕ್ ನೋಡಿಸಿದೀಯಾ ಅಂತ ನಾನು ಕೇಳಿದಾಗ ನೀನು ನಗುತ್ತಾ ಅಂದೆಯಲ್ಲ, ‘ಬ್ರೇಕ್ ಸುದ್ದಿ ಬ್ಯಾಡಪ್ಪಾ, ನನ್ನ ಕಾಲಿನ ಹಣೆಬರಹ ನನಗ ಗೊತ್ತದ’ ಅಂತ. ನನಗೆ ನಗು ಬರಲಿಲ್ಲ. 19 ವರ್ಷ ಆದರೂ ಆ ಜೀಪು ನಿನ್ನ ತಲೆಯಲ್ಲಿ ಹಾಗೇ ನಿಂತಿದೆ ಅಂತ ಆಗಲೇ ಗೊತ್ತಾಗಿದ್ದು.

ಕಾರು ತಗೊಂಡ ಕಥೆ, ಸಾಲದ ಮಾತು ಎಲ್ಲ ಆಗಿ ಹೋಗಿದೆ, ಬಿಡು. ದೀಪಾವಳಿಗೆ ಅದನ್ನು ತಂದು ಮನೆ ಮುಂದೆ ನಿಲ್ಲಿಸಿದೆಯಲ್ಲ, ಆ ದಿನ ನಾನು ಒಂದು ವಿಷಯ ನಿನಗೆ ಹೇಳಲಿಲ್ಲ. ಪೋರ್ಶೆ ಕೇಮನ್ ಅಂದರೆ ಏನು ಅಂತ ಓಣಿಯ ಹುಡುಗರೆಲ್ಲ ಸೇರಿದ್ದರು. ಮುಂದೆ ಬಾನೆಟ್ ಎತ್ತಿದರೆ ಡಿಕ್ಕಿ, ಹಿಂದೆ ಎತ್ತಿದರೂ ಡಿಕ್ಕಿ. ಎಂಜಿನ್ ಸೀಟಿನ ಹಿಂದೆ, ನಡುವೆ ಕೂತಿದೆ ಅಂತ ನೀನು ಲಾರಿ ಡ್ರೈವರ್‌ಗಳಿಗೆ ಕೈ ಮಾಡಿ ತೋರಿಸಿ ಹೇಳುತ್ತಿದ್ದೆ. ನನಗೆ ಎದೆ ತುಂಬಿ ಬಂದಿತ್ತು. ಗಂಜ್ ಕಡೆಯವರು ಈಗಲೂ ‘ಮಗಳ ಕಾರು ಮತ್ತ ಯಾವಾಗ ಬರ್ತದ’ ಅಂತ ಕೇಳುತ್ತಾರೆ. ನೀನು ಒಳಗೆ ಊಟಕ್ಕೆ ಹೋದಾಗ ಮುಂದಿನ ಡಿಕ್ಕಿಯಲ್ಲಿ ಗಾಜಿನ ಹತ್ತಿರದ ಪ್ಲಾಸ್ಟಿಕ್ ಕವರ್ ತೆಗೆದು ನೋಡಿದೆ. ಬ್ರೇಕ್ ಆಯಿಲ್ ಹಳೆಯದಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು. ಹಬ್ಬದ ದಿನ ಯಾಕೆ ಅಂತ ಸುಮ್ಮನಾದೆ. ಊರೊಳಗೆ ಓಡಿಸೋಕೆ ಏನೂ ಆಗೋದಿಲ್ಲ ಅಂದುಕೊಂಡೆ. ಹೀಗೆ ಸುಮ್ಮನಾಗೋದು ನನ್ನ ಹಳೇ ಚಾಳಿ.

ಈಗ ಆ ಜೀಪಿನ ವಿಷಯ. ನಿನಗೆ ನೆನಪಿರುವುದು ಅರ್ಧ ಮಾತ್ರ.

ಅವತ್ತು ನಮ್ಮ ಗ್ಯಾರೇಜಿನಲ್ಲಿ ನಿನ್ನ ಕಾಲು ಆ ಜೀಪಿನ ಬ್ರೇಕ್ ಪೆಡಲ್‌ಗೆ ಎಟುಕುತ್ತಿರಲಿಲ್ಲ. ಸೀಟಿನ ತುದಿಗೆ ಸರಿದು, ಸ್ಟೀರಿಂಗ್ ಹಿಡಿದು ಜೋತು ಬಿದ್ದ ಹಾಗೆ ಕೂತಿದ್ದೆ. ಚಪ್ಪಲಿ ಬಿಟ್ಟು ಫುಟ್‌ಬೋರ್ಡ್ ಮೇಲೆ ಜೋಡಿಸಿಟ್ಟಿದ್ದೆ. ಬ್ರೇಕ್ ಪೈಪಿನಲ್ಲಿ ಸೇರಿದ ಏರ್ ಹೊರಗೆ ತೆಗೆಯೋಕೆ ನಾನು ಕೆಳಗೆ ಮಲಗಿ ‘ಒತ್ತು’ ಅಂದರೆ ಒತ್ತುತ್ತಿದ್ದೆ, ‘ಹಿಡಿ’ ಅಂದರೆ ತುಟಿ ಕಚ್ಚಿ ಹಿಡಿಯುತ್ತಿದ್ದೆ. ನಾನು ಚಕ್ರದ ಹತ್ತಿರದ ನಿಪ್ಪಲ್ ಬಿಚ್ಚಿ, ಪೈಪಿನಲ್ಲಿ ಗುಳ್ಳೆ ಬರೋದು ನೋಡಿ, ಮತ್ತೆ ಬಿಗಿ ಮಾಡಿ ‘ಬಿಡು’ ಅನ್ನುವವರೆಗೆ ನಿನ್ನ ಕಾಲು ಅಲುಗಲಿಲ್ಲ. ನಾಲ್ಕು ಚಕ್ರಕ್ಕೂ ಹಾಗೇ. ಒಂದು ಸಲವೂ ಬೇಗ ಎತ್ತಲಿಲ್ಲ. ಕೇಳು, ಒಂದು ಸಲವೂ ಇಲ್ಲ.

ಮೂರು ದಿನದ ಮೇಲೆ ಆ ಜೀಪು ಶಹಾಬಾದ್ ದಾರಿಯಲ್ಲಿ ಜನ ತುಂಬಿಕೊಂಡು, ಬಿಸಿಲಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಓಡುವಾಗ ಪೆಡಲ್ ಪೂರ್ತಿ ಕೆಳಗೆ ಹೋಯಿತು. ರಸ್ತೆ ಬದಿಗೆ ಒಟ್ಟಿದ್ದ ಹಾಸುಗಲ್ಲಿಗೆ ಗುದ್ದಿತು. ಮುಂದೆ ಕೂತವನ ಕೈ ಮುರಿಯಿತು. ಸಂಜೆ ಮಾಲೀಕ ಬಂದು ಕೂಗಾಡಿದ. ನೀನು ಬೆಂಚಿನ ಮೇಲೆ ಹೋಂವರ್ಕ್ ಬರೆಯುತ್ತಿದ್ದೆ. ನಾನು ಎಲ್ಲರ ಮುಂದೆ ‘ಹುಡುಗಿ ಕಾಲು ಬೇಗ ಎತ್ತ್ಯಾಳ, ಏರ್ ಸೇರ್ಯದ’ ಅಂದುಬಿಟ್ಟೆ.

ಸುಳ್ಳವ್ವಾ ಅದು. ಏರ್ ಉಳಿದಿದ್ದರೆ ಗ್ಯಾರೇಜಿನಲ್ಲೇ ಪೆಡಲ್ ಮೆತ್ತಗಿರುತ್ತಿತ್ತು. ನಾನೇ ರಿಂಗ್ ರೋಡ್‌ವರೆಗೆ ಟ್ರಯಲ್ ಹೋಗಿ ಬಂದಿದ್ದೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇತ್ತು. ತಪ್ಪು ಆಯಿಲ್‌ನದು. ಮಳೆಗಾಲಕ್ಕೆ ಮೊದಲು ಸೀಲ್ ಒಡೆದ ಡಬ್ಬಿ. ಮುಚ್ಚಳ ಕಳೆದುಹೋಗಿ ಬಟ್ಟೆ ತುರುಕಿ ಇಟ್ಟಿದ್ದೆ. ಅರ್ಧ ಡಬ್ಬಿ ಯಾಕೆ ಚೆಲ್ಲಬೇಕು ಅಂತ ಹಾಕಿದೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ, ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೇ, ಬ್ರೇಕ್ ಹಿಡಿಯೋದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತು ವರ್ಷದ ಹುಡುಗಿಯ ಮೇಲೆ ಹಾಕಿದೆ. ಆಮೇಲೆ ನೀನು ಗ್ಯಾರೇಜಿಗೆ ಬಂದರೂ ಪೆಡಲ್ ಮುಟ್ಟಲಿಲ್ಲ. ನಾನು ಕರೆಯಲೂ ಇಲ್ಲ.

ನೀನು ಹೋಗಬೇಕಂತಿರೋ ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ಟ್ರ್ಯಾಕ್‌ನ ವಿಡಿಯೋ ನಿನ್ನ ತಮ್ಮ ಮೊಬೈಲಿನಲ್ಲಿ ತೋರಿಸಿದ. ಒಂದು ಸುತ್ತು 3.7 ಕಿಲೋಮೀಟರ್ ಅಂತೆ. ಉದ್ದನೆ ದಾರಿಯಲ್ಲಿ ಜೋರಾಗಿ ಹೋಗಿ, ತಿರುವಿಗೆ ಗಟ್ಟಿಯಾಗಿ ಬ್ರೇಕ್ ಹೊಡೆಯಬೇಕು, ಮತ್ತೆ ಜೋರು, ಮತ್ತೆ ಬ್ರೇಕ್. ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗುವ ಶಾಖ ನಾಲ್ಕು ಪಟ್ಟು. ಡಾಟ್ 4 ಅನ್ನೋ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಆ ಚಹಾ ಬಣ್ಣದ ಆಯಿಲ್ ಇಟ್ಟುಕೊಂಡು ನೀನು ಅಲ್ಲಿಗೆ ಹೋಗಬಾರದು.

ಉಪದೇಶ ಬೇಡ ಅಂತ ಕೂತೆ, ಆದರೂ ಬರೆಯುತ್ತೇನೆ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿಸು, ಅದೇ ಪ್ಯಾಡ್ ಮೇಲೆ ನೀನು ಬೆಂಗಳೂರಿಗೆ ವಾಪಸ್ ಬರಬೇಕು. ವೀಲ್ ಬೋಲ್ಟ್ ಬಿಗಿ ನೋಡದೆ ಒಳಗೆ ಹೋಗಬೇಡ. ಕಾರಿನಲ್ಲಿ ನೀರಿನ ಬಾಟಲಿ ಬಿಡಬೇಡ, ಉರುಳಿ ಪೆಡಲ್ ಕೆಳಗೆ ಸೇರುತ್ತದೆ. ಟೈರ್ ಕಾದಂತೆ ಗಾಳಿ ಒತ್ತಡ ಏರುತ್ತದೆ, ಹೊರಗೆ ಬಂದಾಗೆಲ್ಲ ಚೆಕ್ ಮಾಡು. ಹಳದಿ ಬಾವುಟ ಕಂಡರೆ ಓವರ್‌ಟೇಕ್ ಇಲ್ಲ. ನೀಲಿ ಕಂಡರೆ ಹಿಂದಿನವರಿಗೆ ದಾರಿ ಬಿಡು, ಅದರಲ್ಲಿ ಅವಮಾನ ಏನೂ ಇಲ್ಲ. ಎಂಜಿನ್ ನಡುವೆ ಇರುವ ಕಾರು, ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ಒಮ್ಮೆಲೇ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಂಭಾಗ ತಿರುಗಿಬಿಡುತ್ತದೆ. ಮೊದಲೇ ವೇಗ ಇಳಿಸು. ಕೊನೇ ಸುತ್ತು ನಿಧಾನವಾಗಿ ಹೋಗಿ ಬ್ರೇಕ್ ಆರಿಸು, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಗೇರಿನಲ್ಲಿಡು. ಇನ್ನೊಂದು, ಇನ್ಶೂರೆನ್ಸ್ ಕಾಗದ ಓದಿಕೋ. ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕ್ಲೇಮ್ ಇಲ್ಲ ಅಂತ ಬರೆದೇ ಇರುತ್ತದೆ. ಏನಾದರೂ ಆದರೆ ಖರ್ಚು ನಿನ್ನದೇ. ಖರ್ಚು ಹೋಗಲಿ, ಕಾರೂ ಹೋಗಲಿ, ನೀನು ನೆಟ್ಟಗೆ ಬಾ.

ಬೇಡ ಅಂತ ಇನ್ನು ಅನ್ನುವುದಿಲ್ಲ. ಆದರೆ ನಿನ್ನ ಕಾಲಿನ ಮೇಲೆ ಅನುಮಾನ ಇಟ್ಟುಕೊಂಡು ಆ ಸೀಟಿನಲ್ಲಿ ಕೂತರೆ ನನಗೆ ಭಯ. ಕಾಲು ಅವತ್ತೂ ಸರಿ ಇತ್ತು. ಫೋನಿನಲ್ಲಿ ಹೇಳೋಕೆ ಧೈರ್ಯ ಸಾಲಲಿಲ್ಲ, ಅದಕ್ಕೇ ಬರೆದೆ.

ಬುಧವಾರ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹೊರಡುತ್ತೇನೆ. ನಿನ್ನವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಿದ್ದಾಳೆ. ಹೊಸ ಆಯಿಲ್ ತಂದಿಡು, ಆದರೆ ಸೀಲ್ ಒಡೆಯಬೇಡ, ಇಬ್ಬರೂ ಇದ್ದಾಗ ಒಡೆಯೋಣ. ಪಾನಾ, ಪೈಪು ನಾನು ತರುತ್ತೇನೆ. ಈ ಸಲ ಚಕ್ರದ ಹತ್ತಿರ ನೀನು ಕೂರು. ಪೆಡಲ್ ನಾನು ಒತ್ತುತ್ತೇನೆ. ನೀನು ‘ಬಿಡು’ ಅನ್ನುವವರೆಗೂ ಕಾಲು ಎತ್ತುವುದಿಲ್ಲ.

ನಿನ್ನ ಅಪ್ಪ
ಕಲಬುರಗಿ