ಉಳಿದದ್ದೆಲ್ಲ 3 ಅಂತ ಬರೆಯಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ಟ್ರೈನಿಂಗ್‌ನಲ್ಲಿ ಔಷಧ ಪ್ರಯೋಗದ ಡೇಟಾಗೆ ಅಂತ ಬರೆದ ಸ್ಯಾಸ್ (ಅಂಕಿಅಂಶ ವಿಶ್ಲೇಷಣೆಯ ಸಾಫ್ಟ್‌ವೇರ್) ಪ್ರೋಗ್ರಾಂ ಕಳಿಸಿದ್ದೆಯಲ್ಲ, ಪೂರ್ತಿ ಓದಿದೆ. ಚೆನ್ನಾಗಿ ಓಡುತ್ತದೆ, ಓಡುವಾಗ ಸ್ಯಾಸ್ ಬರೆದಿಡುವ ಲಾಗ್‌ನಲ್ಲಿ ಎರರ್ ಒಂದೂ ಇಲ್ಲ. ಆದರೂ ಒಂದು ಜಾಗ ನೀನು ಬದಲಾಯಿಸಲೇಬೇಕು.

ಅಡ್ವರ್ಸ್ ಇವೆಂಟ್, ಅಂದರೆ ಪ್ರಯೋಗದ ವೇಳೆ ರೋಗಿಗೆ ಆದ ತೊಂದರೆ, ಮೈಲ್ಡ್ ಇದ್ದರೆ 1, ಮಾಡರೇಟ್ ಇದ್ದರೆ 2, ಎಲ್ಸ್ (ಉಳಿದದ್ದೆಲ್ಲ) 3 ಅಂತ ಬರೆದಿದ್ದೀಯ. ಆ ಎಲ್ಸ್ ಬರೀ ಸಿವಿಯರ್ ಅನ್ನು ಹಿಡಿಯುವುದಿಲ್ಲ ಕಣೇ. ಖಾಲಿ ಬಿಟ್ಟದ್ದು, ಸ್ಪೆಲ್ಲಿಂಗ್ ತಪ್ಪಿದ್ದು, ಮುಂದೆ ಒಂದು ಸ್ಪೇಸ್ ಸೇರಿಕೊಂಡದ್ದು, ನೀನು ದೊಡ್ಡಕ್ಷರದಲ್ಲಿ ಹುಡುಕುತ್ತಿರುವಾಗ ಯಾರೋ ಸಣ್ಣಕ್ಷರದಲ್ಲಿ ಟೈಪ್ ಮಾಡಿದ ಮೈಲ್ಡ್, ಇವೆಲ್ಲವೂ 3 ಆಗಿಬಿಡುತ್ತವೆ. ಸ್ವಲ್ಪ ತಲೆನೋವು ಬಂದವರು ಟೇಬಲ್‌ನಲ್ಲಿ ಸಿವಿಯರ್ ಕಾಲಂಗೆ ಹೋಗಿ ಕೂರುತ್ತಾರೆ, ಲಾಗ್ ತುಟಿ ಪಿಟಕ್ಕೆನ್ನುವುದಿಲ್ಲ. ನನಗೆ ಹೆದರಿಕೆ ಆಗುವುದು ಇದಕ್ಕೇ. ಎರರ್ ಬಂದರೆ ಸರಿಮಾಡಬಹುದು, ಸದ್ದೇ ಇಲ್ಲದೆ ಬಂದ ತಪ್ಪು ನಂಬರನ್ನು ಯಾರು ಹುಡುಕುತ್ತಾರೆ?

ಇಫ್ ಎಲ್ಸ್ ಸಾಲುಗಳನ್ನು ತೆಗೆದುಬಿಡು. ಸ್ಯಾಸ್‌ನ ಪ್ರಾಕ್ ಫಾರ್ಮ್ಯಾಟ್ ಒಳಗೆ ಇನ್‌ವ್ಯಾಲ್ಯೂ, ಅಂದರೆ ಟೆಕ್ಸ್ಟನ್ನು ನಂಬರ್ ಮಾಡುವ ಪಟ್ಟಿ, ಬರೆದು, ಯಾವ ಹೆಸರಿಗೆ ಯಾವ ನಂಬರ್ ಅಂತ ಒಂದೇ ಕಡೆ ಇಡು. ಅದಕ್ಕೆ ಅಪ್‌ಕೇಸ್ ಮತ್ತು ಜಸ್ಟ್ ಅನ್ನುವ ಎರಡು ಆಪ್ಷನ್ ಕೊಟ್ಟರೆ ಸಣ್ಣಕ್ಷರದ ತೊಂದರೆ, ಮುಂದಿನ ಸ್ಪೇಸಿನ ತೊಂದರೆ ಎರಡೂ ಹೋಗುತ್ತವೆ. ಖಾಲಿಗೆ ಚುಕ್ಕೆ, ಅಂದರೆ ಮಿಸ್ಸಿಂಗ್ ಅಂತ ನೀನೇ ಬರೆ. ಅದರ್ ಅನ್ನುವಲ್ಲಿ ಎರರ್ ಕೊಡು. ಆಗ ಪಟ್ಟಿಯಲ್ಲಿಲ್ಲದ ಹೆಸರು ಬಂದ ಕೂಡಲೇ ಲಾಗ್‌ನಲ್ಲಿ ಇನ್‌ವ್ಯಾಲಿಡ್ ಅಂತ ಕಾಣುತ್ತದೆ. ಡೇಟಾ ತಯಾರಿಸುವ ಡೇಟಾ ಸ್ಟೆಪ್‌ನಲ್ಲಿ, ಈ ಪಟ್ಟಿ ಬಳಸಿ ಟೆಕ್ಸ್ಟನ್ನು ನಂಬರ್ ಮಾಡುವ ಇನ್‌ಪುಟ್ ಫಂಕ್ಷನ್ ಹಾಕಿದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು.

ಚುಕ್ಕೆ ಅಂದೆನಲ್ಲ, ಅದರ ಬಗ್ಗೆಯೂ ಹುಷಾರು. ಸ್ಯಾಸ್‌ನಲ್ಲಿ ಮಿಸ್ಸಿಂಗ್ ಯಾವ ನಂಬರಿಗಿಂತಲೂ ಚಿಕ್ಕದು. ಕೋಡ್ 2ಕ್ಕಿಂತ ಕಡಿಮೆ ಇರುವವರನ್ನು ಆರಿಸು ಅಂದರೆ ಮೈಲ್ಡ್ ಜೊತೆ ಉತ್ತರವೇ ಇಲ್ಲದವರೂ ಬರುತ್ತಾರೆ. ಹಾಗಂತ ಖಾಲಿಗೆ ಸೊನ್ನೆಯೋ 99ಓ ಕೊಡಬೇಡ, ಅದು ನಾಳೆ ಯಾರದೋ ಸರಾಸರಿಯೊಳಗೆ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ನಂಬರ್ ಯಾಕೆ ಬೇಕು ಅಂತ ಕೇಳಿದ್ದೆ. ಮುಖ್ಯವಾಗಿ ಸಾಲಾಗಿ ಜೋಡಿಸೋದಕ್ಕೆ. ವೀಕ್ 2, ವೀಕ್ 12 ಅಂತ ಟೆಕ್ಸ್ಟ್ ಆಗಿಯೇ ಸಾರ್ಟ್ ಮಾಡಿದರೆ 12 ಮೊದಲು ಬರುತ್ತದೆ, ಅಲ್ವಾ? ತೀವ್ರತೆಗೂ ವಿಸಿಟ್‌ಗೂ ನಿಜವಾದ ಕ್ರಮ ಇದೆ. ರೇಸ್‌ಗೆ, ಸೆಕ್ಸ್‌ಗೆ ಇಲ್ಲ. ಅಲ್ಲಿ ನಂಬರ್ ಸುಮ್ನೆ ಒಂದು ಗುರುತು, ಬಸ್ಸಿನ ರೂಟ್ ನಂಬರ್ ಇದ್ದ ಹಾಗೆ, ಕೂಡಿಸಿ ಭಾಗಿಸಿದರೆ ಅರ್ಥ ಇಲ್ಲ. ಲಾಜಿಸ್ಟಿಕ್ ರಿಗ್ರೆಷನ್ ಮಾಡುವ ಪ್ರಾಕ್ ಲಾಜಿಸ್ಟಿಕ್‌ಗೆ ಅಂಥ ಕೋಡ್ ಕೊಡುವಾಗ, ಇದು ಬರೀ ಗುರುತು ಅಂತ ತಿಳಿಸುವ ಕ್ಲಾಸ್ ಸಾಲಿನಲ್ಲಿ ಅದರ ಹೆಸರು ಬರೆಯದಿದ್ದರೆ ಅದು 3 ಅನ್ನು 1ರ ಮೂರು ಪಟ್ಟು ಅಂತಲೇ ಲೆಕ್ಕ ಹಾಕುತ್ತದೆ.

ಮೂಲ ಟೆಕ್ಸ್ಟ್ ಅಳಿಸಬೇಡ. ಎಡಮ್ (ಔಷಧ ಪ್ರಯೋಗದ ವಿಶ್ಲೇಷಣೆಗೆ ಇರುವ ಮಾದರಿ) ಡೇಟಾಸೆಟ್‌ನಲ್ಲಿ ಟೆಕ್ಸ್ಟ್ ಆದ ರೇಸ್ ಪಕ್ಕದಲ್ಲೇ ಅದರ ನಂಬರ್ ಆದ ರೇಸ್-ಎನ್ ಇಡುವುದು, ಒಂದು ಹೆಸರಿಗೆ ಒಂದೇ ನಂಬರ್, ಒಂದು ನಂಬರಿಗೆ ಒಂದೇ ಹೆಸರು. ಪ್ರತಿ ಸಲ ಕೋಡ್ ಮಾಡಿದ ಮೇಲೆ ಟೆಕ್ಸ್ಟ್ ಮತ್ತು ನಂಬರ್ ಎರಡನ್ನೂ ಸೇರಿಸಿ, ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸುವ ಪ್ರಾಕ್ ಫ್ರೀಕ್ ಓಡಿಸು, ಲಿಸ್ಟ್ ಮತ್ತು ಮಿಸ್ಸಿಂಗ್ ಆಪ್ಷನ್ ಹಾಕಿ. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡ.

ಆ ಪಟ್ಟಿಯಲ್ಲಿ ವಿಚಿತ್ರ ಹೆಸರು ಕಂಡರೆ ಇದು ಮಾಡರೇಟೇ ಇರಬೇಕು ಅಂತ ನೀನೇ ಊಹಿಸಿ 2 ಹಾಕಬೇಡ. ಡೇಟಾ ಮ್ಯಾನೇಜ್‌ಮೆಂಟ್‌ನವರನ್ನು ಕೇಳು. ಹೊಸಬಳು, ಜಾಸ್ತಿ ಪ್ರಶ್ನೆ ಕೇಳುತ್ತಾಳೆ ಅಂದುಕೊಂಡರೆ ಅಂದುಕೊಳ್ಳಲಿ. ಉತ್ತರ ಗೊತ್ತಿರುವುದು ರೋಗಿಯನ್ನು ನೋಡಿದ ಡಾಕ್ಟರಿಗೆ, ನಿನಗೂ ಅಲ್ಲ, ನನಗೂ ಅಲ್ಲ.

ತಿದ್ದಿದ ಪ್ರೋಗ್ರಾಂ ಭಾನುವಾರದೊಳಗೆ ಕಳಿಸು, ಲಾಗ್ ಸಮೇತ.

ಇಂತಿ ನಿನ್ನ
ಚಿಕ್ಕಪ್ಪ