ಎಲ್ಲಕ್ಕೂ ಬಿಸಿಲೇ ಕಾರಣವೇ?

ಮಾನ್ಯ ಸಂಪಾದಕರೇ,

ಮೈದಾನದಲ್ಲಿ ಕುಸಿದ ಹುಡುಗನ ಬಗ್ಗೆ ಸಾಹೇಬರು ಕೊಟ್ಟ ಹೇಳಿಕೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಬಿಸಿಲಿಗೆ ಬಿದ್ದಿರಬಹುದು, ಈಗಿನ ಮಕ್ಕಳು ಕುರುಕಲು ತಿಂದು ಮೊಬೈಲ್ ಹಿಡಿದು ಕೂಡುತ್ತವೆ’ ಅಂತೆ. ಕಲಬುರಗಿ ಬಿಸಿಲು ಅಧಿಕಾರಿಗಳಿಗೆ ಬಲು ಅನುಕೂಲ. ಡಾಂಬರು ಕಿತ್ತರೂ ಬಿಸಿಲು, ನಳದಲ್ಲಿ ನೀರು ಬರದಿದ್ದರೂ ಬಿಸಿಲು.

ನನ್ನ ಅಕ್ಕನ ಮಗನಿಗೆ 14 ವರ್ಷ. ಕಬಡ್ಡಿ ಆಡುವಾಗ ಎರಡು ಸಲ ಎದೆ ಹಿಡಿದು ಬಿದ್ದ. ಇಸಿಜಿ ಸರಿ, ಎಕೋ (ಹೃದಯದ ಸ್ಕ್ಯಾನ್) ಸರಿ, ಗ್ಯಾಸ್ ಇರಬೇಕೆಂದು ಗುಳಿಗೆ ಕೊಟ್ಟು ಕಳಿಸಿದರು. ಸೊಲ್ಲಾಪುರದ ಡಾಕ್ಟರೊಬ್ಬರು ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು: ಹೃದಯದ ಸ್ನಾಯುವಿಗೆ ರಕ್ತ ಕೊಡುವ ಎಡ ಕೊರೊನರಿ ನಾಳ ಕೆಲವರಲ್ಲಿ ಮಹಾಧಮನಿಯ ಎಡಗಡೆಯ ಬದಲು ಬಲಗಡೆಯಿಂದ ಹುಟ್ಟಿ, ಮಹಾಧಮನಿ ಮತ್ತು ಶ್ವಾಸಕೋಶದ ಧಮನಿಯ ಸಂದಿಯಲ್ಲಿ ಹಾಯುತ್ತದೆ. ಹುಟ್ಟಿನಿಂದಲೇ ಬಂದದ್ದು. ಸುಮ್ಮನೆ ಕೂತರೆ ಗೊತ್ತಾಗದು, ಓಡಿದರೆ ಅದುಮಿಕೊಂಡು ರಕ್ತ ಸಾಲದಾಗುತ್ತದೆ. ಮಲಗಿಸಿ ತೆಗೆದ ಇಸಿಜಿಯಲ್ಲಿ ಸಿಗದೇ ಹೋಗಬಹುದು, ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಸಿ.ಟಿ. ಆಂಜಿಯೋ ಮಾಡಿಸಿ ಎಂದರು.

ಅಲ್ಲಿಯ ಖರ್ಚು ಕೇಳಿ ಊರಿಗೇ ಬಂದೆವು. ಅದೇ ತಪ್ಪಾಯಿತು. ಸೋಮವಾರ ಆ ಪರೀಕ್ಷೆಗೆಂದು ಇಲ್ಲಿಯ ಆಸ್ಪತ್ರೆಗೆ ಹೋದೆವು. ಹುಡುಗ ಬೆಳಗಿನಿಂದ ಉಪವಾಸ, ಎದೆಬಡಿತ ಇಳಿಸುವ ಗುಳಿಗೆಯನ್ನೂ ನುಂಗಿಸಿದ್ದಾಯಿತು. ಅಕ್ಕ ರೊಟ್ಟಿ, ಶೇಂಗಾ ಹಿಂಡಿ ಗಂಟು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಟೋಕನ್ ಕೊಟ್ಟು, ಹಣ ಕಟ್ಟಿಸಿಕೊಂಡು, ಎರಡು ಗಂಟೆ ಬೆಂಚಿನ ಮೇಲೆ ಕೂಡಿಸಿದ ಮೇಲೆ ಬಾಗಿಲ ಚೀಟಿ ತೋರಿಸಿದರು: ‘ಯಂತ್ರ ದುರಸ್ತಿಯಲ್ಲಿದೆ’. ಅದರ ಮೇಲಿನ ತಾರೀಖನ್ನು ಪೆನ್ನಿನಿಂದ ಮೂರು ಸಲ ತಿದ್ದಲಾಗಿದೆ! ಹಣ ವಾಪಸ್ ಬೇಕಾದರೆ ಇನ್ನೊಂದು ಸರದಿ, ಅಲ್ಲಿ ಊಟದ ಬಿಡುವು.

ಮೈದಾನದ ಹುಡುಗನಿಗೂ ಇದೇ ಇತ್ತೆಂದು ನಾನು ಹೇಳುತ್ತಿಲ್ಲ. ನೋಡಿದವರಾದರೂ ಯಾರು? ಶಾಲೆಗೆ ಬರುವ ತಪಾಸಣೆಯವರು ಅಂಗಿ ಮೇಲೆಯೇ ಸ್ಟೆತಾಸ್ಕೋಪ್ ಒತ್ತಿ, ಹಲ್ಲು ನೋಡಿ, ಗೀಟು ಎಳೆದು ಹೋಗುತ್ತಾರೆ. ಈ ದೋಷಕ್ಕೆ ಸಾಮಾನ್ಯವಾಗಿ ಸ್ಟೆತಾಸ್ಕೋಪಿಗೆ ಕೇಳುವ ಸದ್ದೇ ಇರುವುದಿಲ್ಲ ಎಂದು ಆ ಸೊಲ್ಲಾಪುರದ ಡಾಕ್ಟರೇ ಹೇಳಿದ್ದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ಬಂತು, ಗುಲ್ಬರ್ಗ ಕಲಬುರಗಿಯಾಯಿತು, 2014ರಲ್ಲಿ ಘೋಷಿಸಿದ ರೈಲ್ವೆ ವಿಭಾಗ ಇನ್ನೂ ಬರುತ್ತಲೇ ಇದೆ. ನಮ್ಮ ಓಣಿಯ ಚರಂಡಿ ಬಗ್ಗೆ ಕೊಟ್ಟ ಅರ್ಜಿಗೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವೇ ಬಂದಿದೆ.

ಯಂತ್ರ ರಿಪೇರಿ ಮಾಡಿಸಲಿ, ಇಲ್ಲವೇ ಆ ಚೀಟಿಯನ್ನಾದರೂ ಹೊಸದಾಗಿ ಬರೆಸಲಿ. ಆಡುವ ಮಕ್ಕಳನ್ನು ಸರಿಯಾಗಿ ನೋಡಲಿ. ಹೇಳಿಕೆ ಕೊಟ್ಟ ಸಾಹೇಬರು ಒಂದು ದಿನ ಖಾಲಿ ಹೊಟ್ಟೆಯಲ್ಲಿ ಆ ಬೆಂಚಿನ ಮೇಲೆ ಬಂದು ಕೂಡಲಿ. ಫ್ಯಾನೂ ಇಲ್ಲ, ಬೇಕಾದಷ್ಟು ಬಿಸಿಲಿದೆ.

– ನೊಂದ ಓದುಗ, ಕಲಬುರಗಿ